ದರ್ಜಿಯ ಭಾಗ

ಅಳಿಸುವ ಕೀಲಿಯ ಮೇಲೆ ಬೆರಳಿಟ್ಟುಕೊಂಡು ಆಸ್ಫಿಯಾ ಕಂಪ್ಯೂಟರ್ ಪರದೆಯನ್ನೇ ನೋಡುತ್ತಿದ್ದಳು. ತಿಪಟೂರಿನ ಆ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಕನ್ನಡ ಬಿ.ಎ. ಓದುವವರೆಲ್ಲ ಸೇರಿ ಒಂದೇ ಕಥೆಯನ್ನು ಸರದಿಯ ಮೇಲೆ ಟೈಪು ಮಾಡುತ್ತಿದ್ದರು. ಹಿಂದಿನ ಭಾಗ ಸಹಪಾಠಿ ರವಿಕಿರಣನದು. ಗಿರಾಕಿಗಳ ಬಟ್ಟೆಯಲ್ಲಿ ತುಂಡು ಕದಿಯುವ ಬಾಬುಸಾಬಿ ಎಂಬ ದರ್ಜಿಯನ್ನು ತಂದು ಅವನು ಎಲ್ಲರನ್ನೂ ನಗಿಸಿದ್ದ. 'ನಮ್ಮೂರಲ್ಲೂ ಹಿಂಗೇ ಕಣ್ಲಾ' ಎಂದು ಗೆಳೆಯರು ಅಂಚಿನಲ್ಲಿ ಟಿಪ್ಪಣಿ ಹಾಕಿದ್ದರು. ಆಸ್ಫಿಯಾಳ ಅಬ್ಬಾ ಕೂಡ ದರ್ಜಿಯೇ. ಅದನ್ನು ಅವಳು ಕಾಲೇಜಿನಲ್ಲಿ ಯಾರಿಗೂ ಹೇಳಿರಲಿಲ್ಲ.

"ಚೆನ್ನಾಗಿಲ್ಲ ಅನ್ಸಿದ್ರೆ ಅಳಿಸಿಬುಡ್ರೀ," ಎಂದ, ಹಿಂದೆ ನಿಂತಿದ್ದ ರವಿಕಿರಣ.

ಅವಳು ಅಳಿಸಲಿಲ್ಲ. ಅದರ ಕೆಳಗೇ ಬರೆಯತೊಡಗಿದಳು. ಗಿರಾಕಿಗಳು ಬೇಡವೆಂದು ಬಿಟ್ಟುಹೋದ ತುಂಡುಗಳನ್ನು ಜೋಡಿಸಿ ಬಾಬುಸಾಬಿ ಮಗಳಿಗೊಂದು ಲಂಗ ಹೊಲಿದ. ಸ್ಕೂಲಿನಲ್ಲಿ ಒಬ್ಬಳು ಆ ಲಂಗ ಹಿಡಿದೆಳೆದು, 'ಇದು ನಮ್ಮಮ್ಮನ ರವಿಕೆ ಬಟ್ಟೆ' ಎಂದು ಎಲ್ಲರಿಗೂ ತೋರಿಸಿದಳು. ಸಂಜೆ ಮಗಳು ಮುಖ ತೊಳೆದುಕೊಂಡು ಅಂಗಡಿಗೆ ಹೋಗಿ, 'ಎಲ್ರೂ ಚೆನ್ನಾಗೈತೆ ಅಂದ್ರು ಅಬ್ಬಾ' ಎಂದಳು.

ಟೈಪಾಗುತ್ತಿದ್ದಂತೆಯೇ ಓದುತ್ತಿದ್ದ ರವಿಕಿರಣನ ನಗು ನಿಂತಿತು. ಪಕ್ಕದ ಕುರ್ಚಿ ಎಳೆದುಕೊಂಡು ಕೂತ.

"ನಿಮ್ಮಪ್ಪಾರ ಅಂಗಡಿ ಎಲ್ಲೈತೆ?" ಎಂದು ಮೆಲ್ಲಗೆ ಕೇಳಿದ.

"ಹೊನ್ನವಳ್ಳೀಲಿ, ಬಸ್ ಸ್ಟಾಂಡ್ ಎದುರಿಗೆ," ಎಂದಳು ಆಸ್ಫಿಯಾ, ಇಡೀ ಕೋಣೆಗೆ ಕೇಳುವ ಹಾಗೆ.