ಐವತ್ತೆರಡನೇ ತಿರುವು

ಹಾರ್ನ್ ಎರಡನೇ ಸಲ ಕೂಗಿದಾಗ ಸುಪಾಂಗ್ ಇನ್ನೂ ಮೊರದ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು.

"ಅಷ್ಟು ಸಾಕು, ಏಳೇ," ಅಮ್ಮ ಒಳಗಿನಿಂದ ಕೂಗಿದಳು. "ಬುಟ್ಟೀಲಿ ನನ್ನ ಮಣಿಟೋಪಿ ಇದೆ, ತಗೊಂಡು ಬಾ. ನಿಮ್ಮಪ್ಪ ಇನ್ನೊಂದ್ಸಲ ಹಾರ್ನ್ ಹೊಡೆದ್ರೆ ಬಾರಿಯೋ ಊರು ಪೂರ್ತಿ ಎದ್ದು ಕೂರುತ್ತೆ."

ಮಣಿಟೋಪಿ ಹಬ್ಬಕ್ಕೆ ಮಾತ್ರ ಹೊರಗೆ ಬರುವ ವಸ್ತು. ಕಾಡುರಸ್ತೆಯ ಕೆಸರಿಗೆ ಅದ್ಯಾಕೆ? ಸುಪಾಂಗ್ ಟೋಪಿ ಎತ್ತಿದಳು. ಅದರಡಿ ಒಂದು ಚೀಟಿ. ಬಿಡಿಸಿ ಮಡಿಸಿ, ಬಿಡಿಸಿ ಮಡಿಸಿ, ಬಟ್ಟೆಯಷ್ಟು ಮೆತ್ತಗಾಗಿತ್ತು.

'ಬುಧವಾರ ಬೆಳಿಗ್ಗೆ. ಐವತ್ತೆರಡನೇ ಕಿಲೋಮೀಟರಿನ ತಿರುವು. ಮನೆಯಲ್ಲಿ ಗೊತ್ತಾಗದ ಹಾಗೆ ಬಾ. ಬಂದರೆ ಮತ್ತೆ ಹಿಂದಕ್ಕೆ ಕಳಿಸುವುದಿಲ್ಲ. — ಅಗಾನ್.'

ಅಕ್ಷರಗಳೆಲ್ಲ ಇಳಿಜಾರಿನ ಲಾರಿಯಂತೆ ಒಂದೇ ಕಡೆ ವಾಲಿದ್ದವು. ಕೊನೆಯ ಅಕ್ಷರದ ಬಾಲ ಮೀನಿನ ಗಾಳದಂತೆ ಮೇಲಕ್ಕೆ ಕೊಂಕಿತ್ತು.

ಇವತ್ತು ಬುಧವಾರ. ಅಗಾನ್ ಎಂಬ ಹೆಸರಿನವರು ಊರಲ್ಲಿ ಯಾರೂ ಇರಲಿಲ್ಲ.

ಅವಳು ಚೀಟಿಯನ್ನು ಜೇಬಿಗೆ ತುರುಕಿದಳು. ಟೋಪಿಯನ್ನು ಅಮ್ಮನ ಕೈಗಿತ್ತಳು. ಅಮ್ಮ ಕನ್ನಡಿಯ ಮುಂದೆ ಅದನ್ನು ಮೂರು ಸಲ ಸರಿಮಾಡಿಕೊಂಡಳು.

ಅಂಗಳದಲ್ಲಿ ಅಪ್ಪ ಪಿಕಪ್ಪಿನ ಹಿಂಬದಿಗೆ ಅನಾನಸಿನ ಪೆಟ್ಟಿಗೆಗಳನ್ನು ಹಗ್ಗದಿಂದ ಬಿಗಿಯುತ್ತಿದ್ದ. ಹೆಸರು ರಿಬುಹ್, ಆ ರಸ್ತೆಯಲ್ಲಿ ಅವನ ಗಾಡಿ ಗೊತ್ತಿಲ್ಲದವರಿಲ್ಲ. ಪೆಟ್ಟಿಗೆಗಳ ಮೇಲೆ ವಿಳಾಸ ಬರೆದವಳು ಅಮ್ಮ. ಬರವಣಿಗೆಯ ಕೆಲಸವೆಲ್ಲ ಅವಳದೇ. ಅಪ್ಪನ ಕೈಗೆ ಸ್ಟೀರಿಂಗು ಒಗ್ಗಿದ ಹಾಗೆ ಪೆನ್ನು ಒಗ್ಗುತ್ತಿರಲಿಲ್ಲ.

ಮುಂದಿನ ಸೀಟಿನಲ್ಲಿ ಗೆರಾವತ್ ಮಾವ, ಅಮ್ಮನ ತಮ್ಮ. ಮಿರಿ ಪಟ್ಟಣದ ಆಸ್ಪತ್ರೆಯಲ್ಲಿ ಅವನ ಹೆಂಡತಿಗೆ ಮೊದಲ ಮಗು ಹುಟ್ಟಿ ಮೂರು ದಿನವಾಗಿತ್ತು. ಎಲ್ಲರೂ ಹೊರಟಿದ್ದು ಅಲ್ಲಿಗೇ.

"ತಮ್ಮನ ಮಗನ್ನ ಬರಿತಲೇಲಿ ನೋಡೋಕಾಗುತ್ತಾ?" ಎಂದು ಅಮ್ಮ ಟೋಪಿ ಮುಟ್ಟಿಕೊಂಡಳು. ಯಾರೂ ಕೇಳಿರಲಿಲ್ಲ.

ಗಾಡಿ ಕೆಸರಿನ ಏರು ಹತ್ತಿತು. ನಾಲ್ಕೂ ಚಕ್ರ ಮಣ್ಣು ಕಚ್ಚಿ ಗುರುಗುಟ್ಟಿದವು. ಬಾಣದ ಫಲಕ ಕಂಡಲ್ಲೆಲ್ಲ ಅಪ್ಪ ಬದಿ ಬದಲಿಸುತ್ತಿದ್ದ. ಮರ ಸಾಗಿಸುವ ಲಾರಿಗೆ ಬೆಟ್ಟದ ಗೋಡೆಯ ಬದಿ, ಉಳಿದವರಿಗೆ ಕಣಿವೆಯ ಅಂಚು; ಅದು ಆ ರಸ್ತೆಯ ನಿಯಮ. ಎದುರು ಬರುವ ಗಾಡಿಗಳಿಗೆ ತಿಳಿಯಲೆಂದು ವಾಕಿಟಾಕಿಯಲ್ಲಿ ಕಿಲೋಮೀಟರ್ ಕೂಗಿದ: "ಅರವತ್ತೊಂದು, ಇಳೀತಾ ಇದೀನಿ."

"ಹೆಸರಿನ ಹಬ್ಬ ಯಾವಾಗ ಇಟ್ಕೋತೀಯೋ?" ಅಮ್ಮ ತಮ್ಮನನ್ನು ಕೆಣಕಿದಳು. "ಹಂದಿ ಕೊಯ್ದು, ಹೊಸ ಹೆಸರು ಕೂಗಿಸಿದ ಮೇಲೆ ಗೆರಾವತ್ ಅಂತ ಕರೆದ್ರೆ ತಿರುಗೂ ನೋಡಲ್ಲ ನೀನು."

"ಮೂವತ್ತು ವರ್ಷ ಸಾಕಿದ ಹೆಸರು ಅಕ್ಕಾ! ಮೊನ್ನೆ ಹುಟ್ಟಿದೋನು ಒಂದ್ಸಲ ಕುಂಯ್ ಅಂದಿದ್ದಕ್ಕೆ ಬಿಟ್ಕೊಡಬೇಕಾ?"

"ಬಿಟ್ಕೊಡು ಮಾರಾಯ. ಮೊದಲ ಮಗು ಆದ್ಮೇಲೆ ನಮ್ಮೂರಲ್ಲಿ ಯಾವ ಅಪ್ಪ ಹಳೇ ಹೆಸರು ಇಟ್ಕೊಂಡಿದಾನೆ? ನೋವಾಗಲ್ಲ," ಎಂದ ಅಪ್ಪ.

ಸುಪಾಂಗ್‌ಳ ಕಿವಿಗೆ ಅದೊಂದೂ ಬೀಳುತ್ತಿರಲಿಲ್ಲ. ಅವಳು ಕಿಲೋಮೀಟರ್ ಹಲಗೆಗಳನ್ನು ಎಣಿಸುತ್ತಿದ್ದಳು. ಐವತ್ತೊಂಬತ್ತು. ಐವತ್ತೆಂಟು. ಅಮ್ಮನೂ ಕಿಟಕಿಯಾಚೆ ಅವನ್ನೇ ನೋಡುತ್ತಿದ್ದಳು.

"ಐವತ್ತೆರಡರಲ್ಲಿ ಹತ್ತು ನಿಮಿಷ ನಿಲ್ಲಿಸ್ತೀಯಾ?" ಅಮ್ಮ ಅಪ್ಪನನ್ನು ಕೇಳಿದಳು.

ಸುಪಾಂಗ್ ಎಣಿಕೆ ಬಿಟ್ಟು ಅಮ್ಮನತ್ತ ತಿರುಗಿದಳು.

"ಅಲ್ಲೇನಿದೆ ಅಕ್ಕಾ? ಬರೀ ಜಿಗಣೆ," ಎಂದ ಮಾವ.

"ಕೆಲವರಿಗೆ ಜಿಗಣೆ ಅಂದ್ರೇ ಪ್ರೀತಿ," ಎಂದ ಅಪ್ಪ. ನಕ್ಕ ಕೂಡ. ಪಾಪ, ಅವನಿಗೇನೂ ಗೊತ್ತಿಲ್ಲ ಎಂದುಕೊಂಡಳು ಸುಪಾಂಗ್.

ಐವತ್ತೈದರಲ್ಲಿ ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. "ವಾಂತಿ ಬರ್ತಿದೆ." ಗಾಡಿ ನಿಂತಿತು. ಬಗ್ಗಿ ನಿಂತು ಬೇಕೆಂದೇ ಹೊತ್ತು ಕಳೆದಳು. ಅಮ್ಮ ಬೆನ್ನು ಸವರಿದಳು. ಆ ಕೈ ಇನ್ನು ಸಿಗುತ್ತದೋ ಇಲ್ಲವೋ ಎನಿಸಿ ನಿಜವಾಗಿಯೇ ಕಣ್ಣು ತುಂಬಿತು.

"ಇಲ್ಲೇ ನಿಂತಾಯ್ತಲ್ಲ. ಮತ್ತೆ ನಿಲ್ಲೋದು ಬೇಡ," ಎಂದಳು ಸುಪಾಂಗ್.

"ಅಲ್ಲಿ ತಣ್ಣೀರಿದೆ, ಮುಖ ತೊಳೆಯುವಿಯಂತೆ," ಎಂದ ಅಪ್ಪ.

ಐವತ್ತೆರಡು. ರಸ್ತೆ ಮೊಣಕೈಯಂತೆ ಮಡಿಚಿಕೊಂಡಿತ್ತು. ಅಂಚಿನಲ್ಲಿ ಚಪ್ಪಟೆ ಬಂಡೆ, ಅದರಾಚೆ ಮಂಜು, ಮಂಜಿನೊಳಗೆ ಎಲ್ಲೋ ಗಿಬ್ಬನ್ ವಾನರದ ಕೂಗು. ಅಮ್ಮ ಇಳಿದು ನೇರ ಬಂಡೆಯತ್ತ ನಡೆದಳು. ಸುಪಾಂಗ್ ಹಿಂದೆಯೇ ಓಡಿ ಸೆರಗಿಗೆ ಜೋತುಬಿದ್ದ ಹಾಗೆ ಅಮ್ಮನ ಅಂಗಿ ಹಿಡಿದಳು.

"ಬಿಡೇ, ಬೀಳ್ತೀನಿ."

"ಬಿಡಲ್ಲ."

ಅಮ್ಮ ಕೆಳಗಿನ ರಸ್ತೆಯನ್ನು ದಿಟ್ಟಿಸಿದಳು. ಯಾರೂ ಇರಲಿಲ್ಲ. "ಇಲ್ಲಿ ಕೂತು ಕಾಯೋದಿದೆಯಲ್ಲ," ಎಂದು ತನ್ನಷ್ಟಕ್ಕೇ ನಕ್ಕಳು, "ಜೀವ ಬಾಯಿಗೆ ಬರುತ್ತೆ."

ಕೆಳಗಿನಿಂದ ಎಂಜಿನ್ನಿನ ಸದ್ದು ಏರಿ ಬಂತು. ಸುಪಾಂಗ್ ಅಂಗಿಯನ್ನು ಎರಡೂ ಮುಷ್ಟಿಯಲ್ಲಿ ಬಿಗಿದಳು. ಮಂಜಿನಿಂದ ಹೊರಬಂದದ್ದು ಖಾಲಿ ಮರದ ಲಾರಿ. ನಿಲ್ಲದೆ ಹೋಯಿತು.

"ಸುಪಾಂಗ್! ಬಾ ಇಲ್ಲಿ, ಒಂಚೂರು ಹಿಡ್ಕೋ," ಅಪ್ಪ ಕೂಗಿದ. ಕುಲುಕಾಟಕ್ಕೆ ಒಂದು ಪೆಟ್ಟಿಗೆ ಒಡೆದಿತ್ತು. ಅನಾನಸುಗಳನ್ನು ಬೇರೆ ಪೆಟ್ಟಿಗೆಗೆ ತುಂಬಿಯಾಗಿತ್ತು.

"ಹೋಗು, ನಾನೆಲ್ಲೂ ಓಡಿಹೋಗಲ್ಲ," ಎಂದಳು ಅಮ್ಮ.

ಸುಪಾಂಗ್ ಹಿಂದೆ ಹಿಂದೆ ನೋಡುತ್ತಲೇ ಬಂದು ಪೆಟ್ಟಿಗೆ ಹಿಡಿದಳು. ಅಪ್ಪ ಹಲ್ಲಿನಿಂದ ಮಾರ್ಕರಿನ ಮುಚ್ಚಳ ಕಿತ್ತ. "ನಿಮ್ಮಮ್ಮ ನೋಡಿದ್ರೆ ನಗ್ತಾಳೆ," ಎನ್ನುತ್ತ ನಿಧಾನವಾಗಿ ವಿಳಾಸ ಬರೆದ.

ಅಕ್ಷರಗಳೆಲ್ಲ ಒಂದೇ ಕಡೆ ವಾಲಿದ್ದವು. ಕೊನೆಯದರ ಬಾಲ ಮೇಲಕ್ಕೆ ಕೊಂಕಿತ್ತು.

ಸುಪಾಂಗ್ ಜೇಬಿನೊಳಗೆ ಚೀಟಿಯನ್ನು ಮುಟ್ಟಿ ನೋಡಿಕೊಂಡಳು. ಬಂಡೆಯ ಮೇಲೆ ಅಮ್ಮ ಮಣಿಟೋಪಿ ಸರಿಮಾಡಿಕೊಳ್ಳುತ್ತ ಇತ್ತಲೇ ನೋಡುತ್ತಿದ್ದಳು.

"ಅಪ್ಪಾ, ನಾನು ಹುಟ್ಟೋಕೆ ಮುಂಚೆ ನಿನ್ನ ಹೆಸರೇನಿತ್ತು?"