ಜೇನು ಕರೆಯಲು ಹೋದ ಫಕೀರಪ್ಪ

ಗಾಳಿ ಬದಲಾದ ಮೇಲೆ ಹೂವಿನ ವಾಸನೆ ಮೊಳದಾಚೆ ಹೋಗುತ್ತಿರಲಿಲ್ಲ; ಜೇನಿಗೆ ಹೊಲದ ದಾರಿಯೇ ತಿಳಿಯುತ್ತಿರಲಿಲ್ಲ. ಹೂವು ತಿಕ್ಕಿದ ವಲ್ಲಿಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ಜೇನುಗಳನ್ನು ಪೆಟ್ಟಿಗೆಯಿಂದ ಹೊಲದವರೆಗೆ ಯಾರಾದರೂ ಕರೆದೊಯ್ಯಬೇಕಿತ್ತು. ಅದೂ ಬಿಸಿಲೇರುವ ಮುನ್ನ. ಫಕೀರಪ್ಪನ ಮನೆಯಲ್ಲಿ ಅದು ಹೆಂಡತಿ ನಿಂಗವ್ವನ ಕೆಲಸ. ಅವಳ ಕಾಲು ಉಳುಕಿ ನಾಲ್ಕು ದಿನವಾಗಿತ್ತು. ಇವತ್ತೂ ಜೇನು ಹೋಗದಿದ್ದರೆ ಸೂರ್ಯಕಾಂತಿಯ ಕಾಳೆಲ್ಲ ಜೊಳ್ಳಾಗುತ್ತಿತ್ತು. ಹಾಗಾಗಿ ಫಕೀರಪ್ಪನೇ ಹೊರಟ.

ಅವನು ವಲ್ಲಿ ಬೀಸಿದ. ನಾಲ್ಕಾರು ಹುಳಗಳು ಹತ್ತಿರ ಬಂದು ಮೂಸಿ ಪೆಟ್ಟಿಗೆಗೆ ಮರಳಿದವು.

ಕಟ್ಟೆಯ ಮೇಲೆ ಕೂತಿದ್ದ ನಿಂಗವ್ವ ಮೂಗರಳಿಸಿದಳು. "ಏನ ಹಚ್ಚಿಕೊಂಡೀರಿ ಮೈಗೆ?"

"ಒಳ್ಳೆ ಕೆಲಸಕ್ಕ ಹೊಂಟೀನಂತ ಗಂಧದ ಸಾಬಾಣ ಹಚ್ಚಿ ಜಳಕಾ ಮಾಡೀನಿ. ಎರಡ ಸಲ."

"ಅಯ್ಯ ಶಿವನೇ! ನಮ್ಮ ಮದವಿಗೆ ಸುದ್ದಾ ಇಷ್ಟ ತಿಕ್ಕೊಂಡಿರಲಿಲ್ಲ ನೀವು. ಹೋಗ್ರಿ, ಹೂವಿನ್ಯಾಗ ಉಳ್ಳಾಡಿ ಬರ್ರಿ. ಹೊತ್ತ ಏರಾಕತ್ತೈತಿ!"

ಫಕೀರಪ್ಪ ಹೊಲಕ್ಕೆ ಓಡಿದ. ಹೂವುಗಳನ್ನು ಅಪ್ಪಿ ಅಪ್ಪಿ ಮುಖ, ಕೊರಳು, ಮೀಸೆಗೆಲ್ಲ ಉಜ್ಜಿಕೊಂಡ. ಅರಿಷಿಣ ಹಚ್ಚಿದ ಮದುಮಗನಂತೆ ಹಳದಿಯಾಗಿ ಬಂದವನನ್ನು ಕಂಡು ನಿಂಗವ್ವ ಬಾಯಿಗೆ ಸೆರಗು ಒತ್ತಿಕೊಂಡಳು.

ಪೆಟ್ಟಿಗೆ ಗುಂಯ್‌ಗುಟ್ಟಿತು. ಮೊದಲು ಹತ್ತು ಹುಳ, ಆಮೇಲೆ ಇಡೀ ದಂಡು ಅವನ ಬೆನ್ನು ಹತ್ತಿತು. ಉಸಿರು ಬಿಗಿಹಿಡಿದು ಅವನು ಮೆಲ್ಲಗೆ ನಡೆದ. ಬದು ದಾಟುತ್ತಲೇ ಜೇನು ಅವನನ್ನು ಬಿಟ್ಟು ಹೊಲದ ತುಂಬ ಹರಡಿಕೊಂಡಿತು.

"ಕುಂತಾವ! ನಿಂಗೀ, ಎಲ್ಲಾ ಹೂವಿನ ಮ್ಯಾಲ ಕುಂತಾವ!" ಎಂದು ಕುಣಿಯುತ್ತ ಕೂಗಿದ.

"ಕಾಣತೈತಿ ಬಿಡ್ರಿ," ಎಂದಳು ನಿಂಗವ್ವ, ಕಾಲು ಚಾಚಿ ಆರಾಮಾಗಿ ಕೂರುತ್ತ. "ನನ್ನ ಕಾಲು ಈ ಸುಗ್ಗಿ ಮುಗಿಯೂತನಕ ವಾಸಿ ಆಗಂಗಿಲ್ಲ."