ಒಲೀನಾ ಹೊಳೆ ದಾಟಿದ್ದು

ಹೊಳೆಯ ದಂಡೆಗೆ ಬಂದ ಒಲೀನಾ ಅಲ್ಲೇ ನಿಂತುಬಿಟ್ಟಳು. ನೀಲಿ ಕೋಟು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಕೈಯಲ್ಲಿ ಕಂದೀಲು ಉರಿಯುತ್ತಿತ್ತು. ಆಚೆ ದಡದಲ್ಲಿ ಕಳೆದುಹೋದ ಅಣ್ಣ ಕಾದಿದ್ದ. ಆದರೆ ಹಾಡೇ ಮುಗಿದುಹೋಗಿತ್ತು.

“ನಿಮ್ಮಜ್ಜಿ ನಡುನೀರಲ್ಲಿ ಕೈ ಕೊಟ್ರು ಕಣೆ,” ಎಂದಳು ಅನುಷಾ, ಮೌಸ್ ಬಿಟ್ಟು ಮೈ ಮುರಿಯುತ್ತ.

ಶಿವಮೊಗ್ಗದ ಗೋಪಾಳ ಬಡಾವಣೆಯ ಅನುಷಾಳ ಮನೆಗೆ ಹೊಸದಾಗಿ ಬಂದಿದ್ದ ಕಂಪ್ಯೂಟರಿನ ಮುಂದೆ ಅವಳೂ ಗೆಳತಿ ಸಮತಾಳೂ ಕೂತಿದ್ದರು. ಸಂಜೆ ಟಿ.ವಿ.ಯಲ್ಲಿ ಬರುತ್ತಿದ್ದ ಕಾರ್ಟೂನ್ ಧಾರಾವಾಹಿಯ ಈ ಒಲೀನಾ ಎಂದರೆ ಸಮತಾಗೆ ಪ್ರಾಣ. ಕಾಲೇಜು ಮೆಟ್ಟಿಲು ಹತ್ತಿದರೂ ಕಾರ್ಟೂನು ಬಿಟ್ಟಿಲ್ಲವೆಂದು ಮನೆಯವರು ಆಡಿಕೊಂಡರೆ ಅವಳು ಕಿವಿಗೆ ಹಾಕಿಕೊಂಡವಳೇ ಅಲ್ಲ. ಒಲೀನಾಳ ದೃಶ್ಯಗಳನ್ನು ಕತ್ತರಿಸಿ ಜೋಡಿಸಿ, ಮೇಲೊಂದು ಹಾಡು ಕೂರಿಸಿ ಇಂಟರ್‌ನೆಟ್ಟಿಗೆ ಬಿಡುವುದು ಅಭಿಮಾನಿಗಳಿಗೆ ಆಗ ಹೊಸ ಹುಚ್ಚು. ಎಲ್ಲರೂ ಇಂಗ್ಲಿಷ್ ಹಾಡು ಹಾಕುತ್ತಿದ್ದರು. ಸಮತಾ ಮಾತ್ರ ಹಾಕಿದರೆ ಭದ್ರಾವತಿಯಲ್ಲಿದ್ದ ತನ್ನಜ್ಜಿ ಹುಲಿಗೆಮ್ಮನ ಪದವನ್ನೇ ಹಾಕುವುದೆಂದು ಹಟ ಹಿಡಿದಿದ್ದಳು. ಅಣ್ಣನನ್ನು ಹುಡುಕಿಕೊಂಡು ದೀಪ ಹಿಡಿದು ಹೊರಟ ತಂಗಿಯ ಕಥೆ ಅದು. ಅಜ್ಜಿ ಹಾಡಿಕೊಂಡೇ ಹೇಳುತ್ತಿದ್ದಳು. ಅದನ್ನು ಕೇಳಿ ಬೆಳೆದವಳಿಗೆ ಒಲೀನಾಳನ್ನು ಮೊದಲು ಕಂಡ ದಿನವೇ, ಈ ಹುಡುಗಿ ನಮ್ಮ ಕಡೆಯವಳಲ್ಲವೇ ಅನ್ನಿಸಿತ್ತು.

ಹಿಂದಿನ ವಾರ ಅಪ್ಪನ ಮೊಬೈಲ್ ತೆಗೆದುಕೊಂಡು ಭದ್ರಾವತಿಗೆ ಹೋಗಿ ರೆಕಾರ್ಡ್ ಮಾಡಿಕೊಂಡು ಬಂದಿದ್ದಳು. ಒಂದು ಸದ್ದೂ ಬೀಳಬಾರದೆಂದು ರೇಡಿಯೋ ಆರಿಸಿ, ಕಿಟಕಿ ಮುಚ್ಚಿ, ಉಸಿರು ಬಿಗಿಹಿಡಿದು ಎದುರಿಗೆ ಕೂತಿದ್ದಳು. ಅಜ್ಜಿ ಮೊದಲು ಗಟ್ಟಿಯಾಗಿಯೇ ಹಾಡಿದಳು. ಆಮೇಲೆ ಸಾಲು ಸಾಲಿಗೂ ನಿಂತು ಮೊಮ್ಮಗಳ ಮುಖ ನೋಡತೊಡಗಿದಳು. ದನಿ ಸಣ್ಣಗಾಗುತ್ತ ಹೋಯಿತು. ಕಥೆಯ ತಂಗಿ ಹೊಳೆಗೆ ಬರುವ ಹೊತ್ತಿಗೆ, ಇಷ್ಟು ಸಾಕು ಎಂದು ಎದ್ದು ಒಳಗೆ ಹೋಗಿಬಿಟ್ಟಿದ್ದಳು. ವಯಸ್ಸಾಯಿತು, ಸುಸ್ತಾಗಿರಬೇಕು ಎಂದುಕೊಂಡ ಸಮತಾ, ಇದ್ದಷ್ಟರಲ್ಲೇ ಹೊಂದಿಸಿದರಾಯಿತೆಂದು ಬಂದಿದ್ದಳು. ಹೊಂದಲಿಲ್ಲ.

ಉಳಿದದ್ದಕ್ಕೆ ಯಾವುದಾದರೂ ಸಿನಿಮಾ ಹಾಡು ಅಂಟಿಸೋಣ ಎಂದಳು ಅನುಷಾ. ಸಮತಾ ಹಾಡನ್ನು ಮತ್ತೆ ಮೊದಲಿನಿಂದ ಹಾಕಿದಳು. ಒಂದು ಸಾಲು, ಒಂದು ಬಿಡುವು. ಇನ್ನೊಂದು ಸಾಲು, ಇನ್ನೊಂದು ಬಿಡುವು. ಆ ಬಿಡುವಿನಲ್ಲಿ ಅವಳ ಬಾಯಿ ತಾನೇ ತೆರೆದು “ಹೂಂ” ಎಂದಿತು.

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಅಜ್ಜಿಯ ಕಥೆಗೆ ಇದ್ದದ್ದು ಒಂದೇ ಕಟ್ಟಳೆ: ಕೇಳುವವರು ಹೂಂಗುಟ್ಟುತ್ತಿರಬೇಕು. ಹೂಂ ನಿಂತಿತೆಂದರೆ ಕೂಸು ಮಲಗಿತು, ಇಲ್ಲವೇ ಅದಕ್ಕೆ ಸಾಕಾಯಿತು ಎಂದು ಅಜ್ಜಿ ಕಥೆಯನ್ನು ಅಲ್ಲಿಗೇ ಕಟ್ಟಿಡುತ್ತಿದ್ದಳು. ಅಂಥವಳ ಎದುರಿಗೆ ತಾನು ಕಲ್ಲಿನ ಹಾಗೆ ಕೂತು ಬಂದಿದ್ದಳು.

ಮಾರನೆಯ ಭಾನುವಾರ ಮತ್ತೆ ಭದ್ರಾವತಿಯ ಬಸ್ಸು ಹತ್ತಿದಳು. ಅಜ್ಜಿ ಮನೆ ಮುಂದಿನ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಪದದ ಮಾತೆತ್ತಿದರೆ ತಲೆ ಎತ್ತಲಿಲ್ಲ.

“ಅವತ್ತು ಕೇಳಿದ್ಯಲ್ಲ. ಬೇಜಾರಾಗಿ ಕೂತಿದ್ದೆ ನೀನು. ನಂಗೆ ಗೊತ್ತಾಗಲ್ವಾ?”

“ಬೇಜಾರಲ್ಲ ಅಜ್ಜಿ. ರೆಕಾರ್ಡಲ್ಲಿ ನನ್ ದನಿ ಬೀಳಬಾರ್ದು ಅಂತ ಬಾಯಿ ಮುಚ್ಕೊಂಡಿದ್ದೆ.”

“ನಿನ್ ದನಿ ಇಲ್ಲ ಅಂದ್ರೆ ನಾನು ಯಾರಿಗೆ ಹಾಡ್ಲಿ? ಆ ಡಬ್ಬಿಗಾ?”

ಸಮತಾ ಮೊಬೈಲನ್ನು ಅಜ್ಜಿಗೆ ಕಾಣುವಂತೆಯೇ ಮೊರದ ಪಕ್ಕದಲ್ಲಿಟ್ಟು, ಒಂದು ಹಿಡಿ ಅವರೆಕಾಯಿ ತೊಡೆಯ ಮೇಲೆ ಹಾಕಿಕೊಂಡು, ಪದದ ಮೊದಲ ಸಾಲನ್ನು ತಾನೇ ಎತ್ತಿಕೊಂಡಳು. ರಾಗ ಎಲ್ಲಿಗೋ ಜಾರಿತು. ಅಜ್ಜಿ ಎರಡು ಕಾಯಿ ಸುಲಿಯುವವರೆಗೆ ತಡೆದುಕೊಂಡಳು. ಮೂರನೆಯದಕ್ಕೆ ಆಗಲಿಲ್ಲ. ಆ ಸಾಲನ್ನು ಮೊಮ್ಮಗಳ ಬಾಯಿಂದ ಕಿತ್ತುಕೊಂಡು ಸರಿಯಾದ ದಾರಿಗೆ ತಂದಳು.

“ಹೂಂ,” ಎಂದಳು ಸಮತಾ.

ಆಮೇಲೆ ಕಥೆಯ ತಂಗಿ ಎಲ್ಲಿಯೂ ನಿಲ್ಲಲಿಲ್ಲ. ಗುಡ್ಡ ಹತ್ತಿದಳು, ಹೂಂ. ಮುಳ್ಳು ತುಳಿದಳು, ಹೂಂ. ಅವರೆಸಿಪ್ಪೆಯ ಚಟಪಟ, ಪಕ್ಕದ ಮನೆಯ ಹೆಂಗಸು ತಮಿಳಿನಲ್ಲಿ ಮಗನನ್ನು ಊಟಕ್ಕೆ ಕರೆದದ್ದು, ಕಾರ್ಖಾನೆಯ ಸೈರನ್ನು, ಎಲ್ಲವೂ ಮೊಬೈಲಿಗೆ ಬಿದ್ದವು. ತಂಗಿ ಹೊಳೆಗೆ ಕಾಲಿಡುವ ಸಾಲಿಗೆ ಸಮತಾ ಅಂದ ಹೂಂ ಮಾತ್ರ ಆ ಸೈರನ್ನಿನಲ್ಲಿ ಮುಳುಗಿಹೋಯಿತು.

ಅನುಷಾ ಹೂಂಗಳನ್ನು ಕತ್ತರಿಸಿ ತೆಗೆಯಲು ನೋಡಿದಳು. ತೆಗೆದಲ್ಲೆಲ್ಲ ಹಾಡು ಕುಂಟಿತು. ಇದೇನು ಕಾರ್ಟೂನ್ ವಿಡಿಯೋನಾ ಹರಿಕಥೆನಾ ಮಾರಾಯ್ತಿ ಎಂದು ನಕ್ಕು, ಎಲ್ಲವನ್ನೂ ಮತ್ತೆ ಅಲ್ಲಲ್ಲೇ ಇಟ್ಟಳು.

ಸಂಕ್ರಾಂತಿಗೆಂದು ಶಿವಮೊಗ್ಗಕ್ಕೆ ಬಂದ ಅಜ್ಜಿಯನ್ನು ಸಮತಾ ಗೋಪಾಳಕ್ಕೆ ಕರೆದೊಯ್ದು ಕಂಪ್ಯೂಟರಿನ ಮುಂದೆ ಕೂರಿಸಿದಳು. ತನ್ನದೇ ದನಿ ಕೇಳಿ ಅಜ್ಜಿ ಬೆರಗಾಗುತ್ತಾಳೆ ಎಂದುಕೊಂಡಿದ್ದಳು. ಅಜ್ಜಿಗೆ ದನಿಯ ಮೇಲೆ ಗಮನವೇ ಇರಲಿಲ್ಲ. ಸೆರಗಿನ ತುದಿ ಕೈಯಲ್ಲಿ ಹಿಡಿದು, ಕಂದೀಲು ಹೊತ್ತು ಗುಡ್ಡ ಹತ್ತುವ ನೀಲಿ ಕೋಟಿನ ಹುಡುಗಿಯನ್ನೇ ನೋಡುತ್ತಿದ್ದಳು. ಸಮತಾ ಉಸಿರು ಬಿಗಿಹಿಡಿದು ಅಜ್ಜಿಯ ಮುಖವನ್ನು ನೋಡುತ್ತಿದ್ದಳು.

ಹೊಳೆ ಬಂತು. ಒಲೀನಾ ನೀರಿಗೆ ಕಾಲಿಟ್ಟಳು. ಸೈರನ್ನು ಕೂಗಿತು.

ಅಜ್ಜಿ ಪರದೆಯಿಂದ ಕಣ್ಣು ಕೀಳದೆಯೇ ಮೊಮ್ಮಗಳ ತೊಡೆ ಚಿವುಟಿದಳು.

“ಹೂಂ ಅನ್ನೇ. ಆ ಕೂಸು ನೀರಲ್ಲೇ ನಿಂತ್ಬಿಡುತ್ತೆ.”